ನಡುವಿನ ಅಟ್ಟದ ಕಪ್ಪು ಚುಕ್ಕಿ

ಸುಡಿಸಿ ಎಂದು ಹೇಳುವುದು ಬಹಳ ಸುಲಭ. ಫೋನಿನಲ್ಲಿ ಹೇಳುವುದು ಇನ್ನೂ ಸುಲಭ. ನಮ್ಮ ಮೇಲಧಿಕಾರಿಗಳು ಅಂದು ಬೆಳಿಗ್ಗೆ ಇಂಡಿ ಕಡೆಯ ಯಾವುದೋ ಹಳ್ಳಿಯಲ್ಲಿ ನಿಂತು, ವಾಟ್ಸಾಪಿಗೆ ಬಂದ ಒಂದೇ ಒಂದು ಫೋಟೋ ನೋಡಿ, ನಿಡಗುಂದಿ ಹತ್ತಿರದ ಮನೆಯೊಂದರ ರೇಷ್ಮೆ ಹುಳಗಳನ್ನೆಲ್ಲ ಸಂಜೆಯೊಳಗೆ ಸುಡಿಸಿಬಿಡಿ ಎಂದು ನನಗೆ ಅಪ್ಪಣೆ ಮಾಡಿದರು. ಫೋಟೋದಲ್ಲಿ ಒಂದು ಬಿಳಿ ಹುಳ, ಅದರ ಬೆನ್ನ ಮೇಲೆ ಕಾಳುಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕಿಗಳು.

"ಗಂಟು ರೋಗ ಕಣ್ರೀ. ಇದಕ್ಕೆ ಮೈಕ್ರೋಸ್ಕೋಪ್ ಬೇರೆ ಬೇಕಾ?" ಎಂದರು.

ಬೇಕು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ. ಹುಳ ನೋಡದೆ ಅವರು ತೀರ್ಪು ಕೊಟ್ಟರೆಂದು ಸಿಟ್ಟಾಗಿ, ಹುಳ ನೋಡದೆ ನಾನೂ ವಾದ ಮಾಡಿದರೆ ಇಬ್ಬರಿಗೂ ಏನು ವ್ಯತ್ಯಾಸ?

ಗಂಟು ರೋಗಕ್ಕೆ ರೇಷ್ಮೆಯವರು ಹೆದರುವುದರಲ್ಲಿ ಅರ್ಥವಿದೆ. ತಾಯಿ ಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಇಳಿಯುವ ಕಾಯಿಲೆ ಅದು. ಮದ್ದಿಲ್ಲ. ಅದರ ಬೀಜಕಣ ಮನೆಯ ಸಂದಿಗೊಂದಿಯಲ್ಲಿ ಉಳಿದರೆ ಮುಂದಿನ ಬೆಳೆಗೂ ಹತ್ತುತ್ತದೆ, ಪಕ್ಕದ ಮನೆಗೂ ಹೋಗುತ್ತದೆ. ಸಿಕ್ಕರೆ ಸುಡುವುದೇ ದಾರಿ. ಮೇಲಧಿಕಾರಿಗಳು ಕೋಲಾರದ ಕಡೆಯವರು, ಹುಳದ ನಡುವೆಯೇ ಬೆಳೆದವರು. ಹಿಂದೊಮ್ಮೆ ಅನುಮಾನವಿದ್ದ ಮನೆಯನ್ನು ಸುಮ್ಮನೆ ಬಿಟ್ಟದ್ದಕ್ಕೆ ಊರಿಗೆ ಊರೇ ಬೆಳೆ ಕಳೆದುಕೊಂಡದ್ದನ್ನು ಕಣ್ಣಾರೆ ಕಂಡವರು. ಅವರ ಅವಸರ ನನಗೆ ಅರ್ಥವಾಗುತ್ತಿತ್ತು, ಅವರ ಫೋಟೋ ಮಾತ್ರ ಅರ್ಥವಾಗಲಿಲ್ಲ.

ನಾನು ಬಸವನ ಬಾಗೇವಾಡಿಯ ಕಚೇರಿಯಲ್ಲಿ ಗುತ್ತಿಗೆ ಮೇಲಿದ್ದ ತಾಂತ್ರಿಕ ಸಹಾಯಕಿ. ಪ್ರಾಣಿಶಾಸ್ತ್ರ ಓದಿದವಳು. ಸೂಕ್ಷ್ಮದರ್ಶಕದ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ನಿಡಗುಂದಿ ಬಸ್ಸು ಹತ್ತಿದೆ. ಹಾರ್ಮೋನಿಯಂ ಆದರೆ ಲಗೇಜ್ ಟಿಕೆಟ್ ತೆಗೆಸಬೇಕಾಗುತ್ತದೆ ಎಂದು ಕಂಡಕ್ಟರ್ ಹೇಳಿದ. ಹಾಡು ಬರುವುದಿಲ್ಲಪ್ಪಾ, ಹುಳ ನೋಡುತ್ತೇನೆ ಎಂದೆ. ಆಮೇಲೆ ಆತ ನನ್ನ ಪಕ್ಕ ಯಾರನ್ನೂ ಕೂರಿಸಲಿಲ್ಲ.

ಆ ಮನೆ ಮುಟ್ಟಿದಾಗ ಅಂಗಳದಲ್ಲಿ ತೊಗರಿ ಕಟ್ಟಿಗೆ ಒಟ್ಟಿಯಾಗಿತ್ತು, ಪಕ್ಕದಲ್ಲಿ ಡೀಸೆಲ್ ಕ್ಯಾನು. ಮನೆಯ ಯಜಮಾನರು, ಅಂದರೆ ಹುಳ ಸಾಕುವ ಹೆಣ್ಣುಮಗಳ ಮಾವ, ಕಟ್ಟೆಯ ಮೇಲೆ ಕೂತಿದ್ದರು. ಸುಡುವುದಿದ್ದರೆ ಲಗು ಸುಟ್ಟುಬಿಡಿ, ನಾಳೆ ಟ್ರ್ಯಾಕ್ಟರಿಗೆ ಹೇಳಿದ್ದೇನೆ ಎಂದರು. ಕಾಲುವೆ ನೀರು ಹರಿಯುವ ಹೊಲದಲ್ಲಿ ಕಬ್ಬು ಬಿಟ್ಟು ಹಿಪ್ಪುನೇರಳೆ ಹಾಕಬೇಕೆಂದು ಸೊಸೆ ಹಟ ಹಿಡಿದಾಗ ಅವರು ಒಂದು ಷರತ್ತು ಹಾಕಿದ್ದರಂತೆ: ಒಂದು ಬೆಳೆ ನೋಡುತ್ತೇನೆ, ಕೆಟ್ಟರೆ ಗಿಡ ಕಿತ್ತು ಕಬ್ಬು, ಆಮೇಲೆ ಹೊಲದ ವಿಷಯದಲ್ಲಿ ನೀನು ತುಟಿ ಬಿಚ್ಚಬಾರದು. ಇದು ಆ ಒಂದು ಬೆಳೆ. ಅವಳ ಗಂಡ ಆಲಮಟ್ಟಿಯಲ್ಲಿ ಕಾಲುವೆ ಕೆಲಸಕ್ಕೆ ಹೋಗುವವನು. ಈ ಜಗಳದಲ್ಲಿ ಆತ ಬಾಯಿ ಹಾಕಿರಲಿಲ್ಲ.

ಸೊಸೆ ಬಾಗಿಲಲ್ಲೇ ನಿಂತಿದ್ದಳು. ಅತ್ತು ಕೆಂಪಾದ ಕಣ್ಣು, ಆದರೆ ಮಾತು ಗಟ್ಟಿ. "ಫೋಟೋ ಕಳಿಸಿದಾಕಿ ನಾನರಿ ಅಕ್ಕಾರ. ಏನರ ಔಷಧ ಹೇಳ್ತಾರ ಅಂತ ಕಳಿಸಿದೆ, ಬೆಂಕಿ ಹಚ್ಚಂತ ಹೇಳಿದ್ರು" ಎಂದಳು.

ಚಪ್ಪಲಿ ಕಳಚಿ, ಸುಣ್ಣದ ಪುಡಿ ತುಳಿದು, ಕೈ ತೊಳೆದು ಹುಳದ ಮನೆಯೊಳಗೆ ಹೋದೆ. ಹುಳ ಹರಡಿದ್ದ ತಟ್ಟಿಗಳು, ಒಂದರ ಮೇಲೊಂದು ಮೂರು ಅಟ್ಟ. ಹುಳಗಳು ಮೂರನೇ ಜ್ವರದಿಂದ ಎದ್ದು ಸೊಪ್ಪಿಗೆ ಬಿದ್ದಿದ್ದವು. ಜ್ವರ ಎಂದರೆ ಕಾಯಿಲೆಯಲ್ಲ. ಹುಳ ಬೆಳೆದಂತೆ ಹಳೆಯ ಚರ್ಮ ಬಿಗಿಯಾಗುತ್ತದೆ. ಆಗ ತಿನ್ನುವುದು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ನಿಂತು ಪೊರೆ ಕಳಚುತ್ತದೆ. ರೇಷ್ಮೆ ಹಳೆಯದಾದ ತೆಂಕಣ ಜಿಲ್ಲೆಗಳಲ್ಲಿ ಇದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದರೆ ಹುಳ ಗೂಡು ಕಟ್ಟುವ ಹಾದಿಗೆ ಬಂತು. ನಮ್ಮ ಇಲಾಖೆ ಹುಳದ ಜೊತೆಗೆ ಈ ಮಾತನ್ನೂ ಇಲ್ಲಿಗೆ ತಂದಿದೆ.

ಅರ್ಧ ತಾಸು ಸುಮ್ಮನೆ ನೋಡಿದೆ. ಗಂಟು ರೋಗದ ಹುಳ ಒಂದು ದೊಡ್ಡದು ಒಂದು ಸಣ್ಣದು ಇರುತ್ತದೆ, ಜ್ವರದಿಂದ ಒಟ್ಟಿಗೆ ಏಳುವುದಿಲ್ಲ, ಸೊಪ್ಪು ಹಾಕಿದರೂ ಜಡವಾಗಿ ಬಿದ್ದಿರುತ್ತದೆ. ಇವು ಹೆಚ್ಚುಕಡಿಮೆ ಒಂದೇ ಅಳತೆ, ಕರಕರ ಸದ್ದು ಮಾಡುತ್ತ ಎಲೆ ತಿನ್ನುತ್ತಿದ್ದವು. ಮತ್ತೆ ಆ ಚುಕ್ಕಿ. ಮೇಲಿನ ಅಟ್ಟದಲ್ಲಿ ಒಂದೂ ಇಲ್ಲ. ಕೆಳಗಿನದರಲ್ಲೂ ಇಲ್ಲ. ಇದ್ದದ್ದೆಲ್ಲ ನಡುವಿನ ಅಟ್ಟದಲ್ಲಿ. ಕೆಲವು ಚುಕ್ಕಿ, ಕೆಲವು ಸಣ್ಣ ಗೀರು, ಸಾಲಾಗಿ ಎಳೆದ ಹಾಗೆ. ರೋಗಕ್ಕೇನು ಸೊಂಟ ನೋವೇ, ಬಗ್ಗಲಾರದೆ ನಡುವಿನ ಅಟ್ಟಕ್ಕಷ್ಟೇ ಬರಲು? ಯಾರಾದರೂ ಕೈ ಹಾಕಿದ್ದಾರಾ ಎಂದು ಕೇಳಿದೆ. ಸೊಸೆ ಇಲ್ಲವೆಂದಳು. ಮೂಲೆಯಲ್ಲಿ ಸೊಪ್ಪು ಹೆಚ್ಚುತ್ತಿದ್ದ ಅವಳ ಅತ್ತೆ ತಲೆ ಎತ್ತಲಿಲ್ಲ.

ಬಿಳಿ ಟೈಲ್ಸಿನ ತುಂಡೊಂದನ್ನು ಹೊರಗೆ ಬೆಳಕಿಗಿಟ್ಟೆ. ಚುಕ್ಕಿಯ ಹುಳವೊಂದರ ಹಿಂಗಾಲಿನ ತುದಿಗೆ ಸೂಜಿ ತಾಗಿಸಿ ಒಂದು ಹನಿ ರಕ್ತ ಬಿಟ್ಟೆ. ಹುಳದ ರಕ್ತ ಕೆಂಪಲ್ಲ, ಎಳೆ ಹಳದಿ ನೀರು. ಹಾಲಿನಂತಿದ್ದರೆ ಬೇರೊಂದು ಕಾಯಿಲೆ. ಇದು ತಿಳಿಯಾಗಿತ್ತು. ಗಾಳಿಗೆ ಅಂಚು ಮೊದಲು ಮಬ್ಬಾಯಿತು, ಆಮೇಲೆ ಕಂದು, ನೋಡನೋಡುತ್ತ ಕರಿ.

ಇದನ್ನು ಮಾವನವರಿಗೂ ಕರೆದು ತೋರಿಸಿದೆ. ಮನುಷ್ಯರ ಮೈ ಒಮ್ಮೆ ಬಂದ ರೋಗವನ್ನು ನೆನಪಿಟ್ಟುಕೊಂಡು ಅದಕ್ಕೆ ತಕ್ಕ ಅಸ್ತ್ರ ಮಾಡಿಕೊಳ್ಳುತ್ತದೆ. ಹುಳುಹುಪ್ಪಟೆಗಳಿಗೆ ಆ ಸೌಲಭ್ಯವಿಲ್ಲ. ಅವುಗಳ ದೊಡ್ಡ ಅಸ್ತ್ರ ಈ ಕಪ್ಪು, ಮೆಲನಿನ್. ರಕ್ತದಲ್ಲಿ ಒಂದು ಕಿಣ್ವ ಮಲಗಿರುತ್ತದೆ. ಚರ್ಮ ಹರಿದರೆ, ಒಳಗೆ ಹೊರಗಿನ ಜೀವಾಣು ತಾಗಿದರೆ ಅದು ಎಚ್ಚರವಾಗುತ್ತದೆ. ಗಾಯದ ಬಾಯಿಗೆ ಕಪ್ಪು ಮೆತ್ತಿ ಮುಚ್ಚುತ್ತದೆ. ಜೀವಾಣುವಿನ ಸುತ್ತ ಕಪ್ಪು ಕಟ್ಟಿ ಅದನ್ನು ಉಸಿರುಗಟ್ಟಿಸುತ್ತದೆ. ಕಪ್ಪಾಗುವ ದಾರಿಯಲ್ಲಿ ಹುಟ್ಟುವ ವಿಷಗಳೂ ಜೀವಾಣುವನ್ನು ಕೊಲ್ಲುತ್ತವೆ. ಆ ವಿಷ ಮೈತುಂಬ ಹರಡಿದರೆ ಹುಳವೇ ಸತ್ತೀತು. ಆದ್ದರಿಂದ ಪೆಟ್ಟು ಬಿದ್ದ ಜಾಗದಲ್ಲಿ ಮಾತ್ರ ಕಪ್ಪು. ಗಂಟು ರೋಗದಲ್ಲೂ ಕಪ್ಪು ಬರುತ್ತದೆ, ಆದರೆ ಅದೂ ರೋಗದ ಬಣ್ಣವಲ್ಲ, ರೋಗದೊಂದಿಗೆ ಗುದ್ದಾಡಿದ ಹುಳದ ಬಣ್ಣ. ಪೊಲೀಸರು ನಿಂತದ್ದು ಕಂಡು ಅವರನ್ನೇ ಕಳ್ಳರೆಂದು ಹಿಡಿದರೆ ಹೇಗೆ? ನಮ್ಮ ಚರ್ಮಕ್ಕೆ ಬಣ್ಣ ಕೊಡುವುದೂ ಇದೇ ಜಾತಿಯ ಕಪ್ಪು. ಅದರ ಬಗ್ಗೆ ನಮ್ಮ ಜನಕ್ಕಿರುವ ತಾತ್ಸಾರ ನನಗೆ ಹುಟ್ಟಿದಾಗಿನಿಂದ ಗೊತ್ತು, ಕನ್ನಡಿ ನೋಡಿದರೆ ಸಾಕು. ಹಾಗಾಗಿ ಕಪ್ಪು ಕಂಡ ಕೂಡಲೇ ಕೆಟ್ಟದ್ದೆನ್ನುವವರ ಮೇಲೆ ನನಗೆ ಮೊದಲಿನಿಂದಲೂ ಒಂದಿಷ್ಟು ಹಗೆ.

ಆದರೆ ಹಗೆಯಿಂದ ಹುಳ ಬದುಕುವುದಿಲ್ಲ. ಜಗಳವಾಗಿದೆ ಎಂದು ಕಪ್ಪು ಹೇಳುತ್ತದೆ, ಯಾರ ಜೊತೆ ಎಂದು ಹೇಳುವುದಿಲ್ಲ. ಅದಕ್ಕೆ ಸೂಕ್ಷ್ಮದರ್ಶಕವೇ ಬೇಕು. ನಡುವಿನ ಅಟ್ಟದಿಂದ ಸಣ್ಣಗೆ ಸೊರಗಿದಂತೆ ಕಂಡ ಹುಳಗಳನ್ನೇ ಆರಿಸಿದೆ, ರೋಗವಿದ್ದರೆ ಮೊದಲು ಅವುಗಳಲ್ಲೇ ಸಿಗುತ್ತದೆ. ಪುಟ್ಟ ಅರೆಯುವ ಕಲ್ಲಿನಲ್ಲಿ ಪೊಟ್ಯಾಸಿಯಂ ಕಾರ್ಬೋನೇಟಿನ ತೆಳು ನೀರು ಬೆರೆಸಿ ಅವನ್ನು ಅರೆದೆ, ಬಟ್ಟೆಯಲ್ಲಿ ಸೋಸಿದೆ, ಗಾಜಿನ ಮೇಲೆ ಹನಿ ಬಿಟ್ಟೆ. ಕರೆಂಟಿರಲಿಲ್ಲ. ಸೂಕ್ಷ್ಮದರ್ಶಕದ ಕನ್ನಡಿಯನ್ನು ಬಾಗಿಲ ಬಿಸಿಲಿಗೆ ತಿರುಗಿಸಿ ಕೂತೆ. ಗಂಟು ರೋಗದ ಕಣ ಮೊಟ್ಟೆಯಾಕಾರ, ಹೊಳೆಯುತ್ತದೆ, ನಿಂತಲ್ಲಿ ನಿಲ್ಲದೆ ನಡುಗುತ್ತದೆ. ಗಾಜಿನ ಈ ತುದಿಯಿಂದ ಆ ತುದಿಯವರೆಗೆ ಇಂಚಿಂಚು ಸರಿಸಿ ನೋಡಿದೆ. ಇನ್ನೊಂದು ಗಾಜು, ಮತ್ತೊಂದು. ಸಿಗಲಿಲ್ಲ.

ಮೊಟ್ಟೆಯಿಂದ ಬಂದದ್ದಾದರೆ ಒಂದೇ ಕಡೆಯಿಂದ ಮರಿ ಒಯ್ದ ಎಲ್ಲ ಮನೆಗಳಲ್ಲೂ ಇರಬೇಕು. ಸಿಂದಗಿ ಕಡೆಯವರಿಗೂ ಮುದ್ದೇಬಿಹಾಳದವರಿಗೂ ಫೋನು ಮಾಡಿದೆ. ಅಲ್ಲಿ ಹುಳ ಹಾಲಿನಂತೆ ಬೆಳ್ಳಗಿದ್ದವು.

ಮೇಲಧಿಕಾರಿಗಳಿಗೆ ಇಷ್ಟನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಸಿಗಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದಲ್ಲ, ಕಣ ಬಲಿಯಲು ದಿನ ಬೇಕು, ಸೊಪ್ಪಿನಿಂದಲೂ ಬಂದಿರಬಹುದು ಎಂದರು. ಮಾತು ಸುಳ್ಳಲ್ಲ. ಇಲ್ಲದ್ದನ್ನು ಯಾರೂ ತೋರಿಸಲಾರರು. ಆಮೇಲೆ ನನ್ನ ಗುತ್ತಿಗೆ ಮುಂದುವರಿಯುವ ಸಮಯ ಬಂದಿದೆಯಲ್ಲ ಎಂದು, ಊಟವಾಯಿತಾ ಎಂದು ಕೇಳಿದಷ್ಟೇ ಮೆಲ್ಲಗೆ ಕೇಳಿದರು.

ಅಲ್ಲಿಯವರೆಗೂ ನಾನು ಪುಸ್ತಕದ ಕನ್ನಡದಲ್ಲಿ ಮಾತಾಡುತ್ತಿದ್ದೆ. ಆ ಮಾತು ಕೇಳಿದ ಮೇಲೆ ಮನೆಯ ಮಾತೇ ಬಾಯಿಗೆ ಬಂತು.

"ಸಾಹೇಬ್ರ, ಒಂದ ಒಂದ ಕಣಾ ಸಿಕ್ರ ಕಡ್ಡಿ ನಾನ ಗೀರ್ತೇನಿ. ಸಿಗೂತನಕಾ ಯಾರಿಗೂ ಗೀರಾಕ ಬಿಡಂಗಿಲ್ಲ. ನಿಮಗೂ ಬಿಡಂಗಿಲ್ಲ."

ಅವರು ಸಿಟ್ಟಾಗುವ ಮುಂಚೆ ನಾನೇ ದಾರಿ ಹೇಳಿದೆ. ಚುಕ್ಕಿ ಚರ್ಮದ ಗಾಯದ್ದಾದರೆ ನಾಲ್ಕನೇ ಜ್ವರದಲ್ಲಿ ಪೊರೆಯ ಜೊತೆ ಕಳಚಿಹೋಗುತ್ತದೆ. ಒಳಗಿನ ರೋಗದ್ದಾದರೆ ಹೊಸ ಚರ್ಮದಲ್ಲೂ ಕಾಣುತ್ತದೆ, ಹುಳವೂ ಸರಿಯಾಗಿ ಏಳುವುದಿಲ್ಲ. ಅಲ್ಲಿಯವರೆಗೆ ದಿನವೂ ಹುಳ, ಹಿಕ್ಕೆ ಎರಡನ್ನೂ ಪರೀಕ್ಷಿಸುತ್ತೇನೆ. ಈ ಮನೆಗೆ ಬೇರೆ ಸಾಕುವವರು ಕಾಲಿಡುವುದಿಲ್ಲ, ಹುಳದಡಿಯ ಸೊಪ್ಪಿನ ಹಾಸಿಗೆಯ ಕಸವನ್ನು ಹೊರಗೆ ಒಯ್ಯದೆ ಇಲ್ಲೇ ಸುಡುತ್ತೇವೆ. ಕೊನೆಗೆ ಅವರು, ಜ್ವರ ಎದ್ದ ದಿನ ತಾವೇ ಬರುವುದಾಗಿಯೂ, ಒಂದು ಚುಕ್ಕಿ ಅನುಮಾನವಾದರೂ ತಾವೇ ನಿಂತು ಸುಡಿಸುವುದಾಗಿಯೂ ಹೇಳಿ ಫೋನಿಟ್ಟರು. ಮಾವನವರು ಟ್ರ್ಯಾಕ್ಟರ್ ಬರುವ ದಿನವನ್ನು ಮುಂದಕ್ಕೆ ಹಾಕಿದರು. ಕಟ್ಟಿಗೆ ಮಾತ್ರ ಅಂಗಳದಲ್ಲೇ ಇರಲಿ ಎಂದರು.

ದಿನವೂ ಬಸ್ಸು, ಮಡಿಲಲ್ಲಿ ಪೆಟ್ಟಿಗೆ. ನಡುವಿನ ಅಟ್ಟದಲ್ಲಿ ಕೆಲವು ಹುಳ ಸತ್ತವು. ಗಾಯ ಮುಚ್ಚುವ ಮುಂಚೆ ಕೊಳೆ ಹೊಕ್ಕ ಹುಳಗಳು ಅವು, ಮೈ ಮೆತ್ತಗಾಗಿ ನಾರುತ್ತಿದ್ದವು. ಅರೆದು ನೋಡಿದರೆ ಕೊಳೆಯಿಸುವ ಬ್ಯಾಕ್ಟೀರಿಯಾ ಕಂಡವು, ಗಂಟು ರೋಗದ ಕಣ ಕಾಣಲಿಲ್ಲ. ಸತ್ತವನ್ನು ಸುಣ್ಣದ ನೀರಿಗೆ ಹಾಕುವಾಗ ಸೊಸೆ ಎಣಿಸಲು ಹೋದಳು, ಬೇಡ ಎಂದೆ.

ಮತ್ತೊಂದು ದಿನ ನನ್ನ ಎದೆ ಒಡೆಯಿತು. ಗಾಜಿನಲ್ಲಿ ಹೊಳೆಯುವ ಉರುಟು ಕಣಗಳು. ಒಂದಲ್ಲ, ನೂರಾರು. ಕಣ್ಣು ತೆಗೆದು, ಒರೆಸಿಕೊಂಡು ಮತ್ತೆ ನೋಡಿದೆ. ಇದ್ದವು. ಕಡ್ಡಿ ನಾನೇ ಗೀರುತ್ತೇನೆ ಎಂದವಳು ನಾನು. ಸೊಸೆ ನನ್ನ ಮುಖವನ್ನೇ ನೋಡುತ್ತಿದ್ದಳು. ಸುಳ್ಳೇಕೆ, ಆ ಗಾಜನ್ನು ಒರೆಸಿ ಎಸೆದುಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಎಸೆಯಲಿಲ್ಲ. ಹುಳವಿಲ್ಲದೆ ಬರೀ ನೀರಿನ ಹನಿಯೊಂದನ್ನು ಬೇರೆ ಗಾಜಿಗೆ ಬಿಟ್ಟು ನೋಡಿದೆ. ಅದರಲ್ಲೂ ಅವೇ ಕಣ! ಕೆಲವು ಗಾತ್ರದಲ್ಲಿ ದೊಡ್ಡವು, ಒಂದೂ ನಡುಗುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಗಾಯಕ್ಕೆ ಹಚ್ಚುವ ಅಯೋಡಿನ್ ಇತ್ತು, ಅಂಚಿನಿಂದ ಒಂದು ಹನಿ ಬಿಟ್ಟೆ. ಕಣಗಳೆಲ್ಲ ನೀಲಿಯಾದವು. ತಿರುಗಿ ನೋಡಿದರೆ ನನ್ನ ಬೆನ್ನ ಹಿಂದೆಯೇ ಅತ್ತೆ ನನಗಾಗಿ ರೊಟ್ಟಿ ಬಡಿಯುತ್ತಿದ್ದರು. ಗಾಳಿಯಲ್ಲೆಲ್ಲ ಜೋಳದ ಹಿಟ್ಟು.

ನಕ್ಕೆವು ನೋಡಿ ಆವತ್ತು. ನಾನು ಹುಚ್ಚಿಯಂತೆ ನಕ್ಕೆ, ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅತ್ತೆಯೊಬ್ಬರೇ ನಗಲಿಲ್ಲ. ಹಿಟ್ಟಿನ ಕೈಯಲ್ಲೇ ಹತ್ತಿರ ಬಂದು ಪೆಟ್ಟಿಗೆಯನ್ನು ನೋಡಿದರು.

"ಹಿಟ್ಟಿನ ಕಾಳೂ ಕಾಣತೈತೇನವ್ವಾ ಇದರಾಗ?"

"ಕಾಣತೈತಿ ಆಯಿ."

"ಹಂಗಾರ ನನ್ನ ಉಗುರೂ ಕಂಡಿರಬೇಕು."

ಆಮೇಲೆ ಎಲ್ಲ ಹೇಳಿದರು. ಮೂರನೇ ಜ್ವರದ ದಿನ ಸೊಸೆ ಮನೆಯವರಿಗೆಲ್ಲ, ಹುಳಕ್ಕೆ ಜ್ವರ ಬಂದಾವ, ಯಾರೂ ಮುಟ್ಟಬ್ಯಾಡ್ರಿ, ಮೇವು ಹಾಕಬ್ಯಾಡ್ರಿ ಎಂದು ಹೇಳಿ ಹೊಲಕ್ಕೆ ಹೋಗಿದ್ದಾಳೆ. ಅತ್ತೆ ಬಂದು ನೋಡಿದರೆ ಹುಳ ಅಲ್ಲಾಡುತ್ತಿಲ್ಲ, ತಲೆ ಮೇಲೆತ್ತಿ ನಿಂತಿವೆ, ಪಾಪ. ಹೊಟ್ಟೆಗೂ ಇಲ್ಲ, ಹೊದಿಕೆಯೂ ಇಲ್ಲ. ಒಳಗಿನಿಂದ ಕೌದಿ ತಂದು ಹೊದಿಸಿದ್ದಾರೆ. ಮೇಲಿನ ಅಟ್ಟ ಕೈಗೆ ನಿಲುಕಲಿಲ್ಲ, ಕೆಳಗಿನದಕ್ಕೆ ಬಗ್ಗಲು ಮೊಣಕಾಲು ಬಿಡಲಿಲ್ಲ. ನಡುವಿನದಕ್ಕೆ ಮಾತ್ರ ಹೊದಿಸಿದ್ದಾರೆ. ಮರುದಿನ ಸೊಸೆ ಏಳುವ ಮುಂಚೆ ತೆಗೆಯಲು ಹೋದರೆ ಹುಳಗಳು ಕೌದಿಯ ಹೊಲಿಗೆಗೆ ಕಾಲು ಕಚ್ಚಿ ಹಿಡಿದಿದ್ದವು. ಒಂದೊಂದನ್ನೇ ಉಗುರಿನಿಂದ ಬಿಡಿಸಿ ವಾಪಸು ಇಟ್ಟಿದ್ದಾರೆ. ಅದೇ ತಾನೇ ಪೊರೆ ಬಿಟ್ಟ ಹಸಿ ಚರ್ಮ, ಉಗುರಿಗೆ, ಹೊಲಿಗೆಯ ದಾರಕ್ಕೆ ಗೀರದೆ ಏನಾದೀತು?

"ಜ್ವರಾ ಬಂದಾವ ಅಂದ್ರ ಹೊಚ್ಚಬಾರದೇನವ್ವಾ? ಇಷ್ಟೊಂದ ಮಕ್ಕಳ್ನ ಜ್ವಾಪಾನ ಮಾಡಿದಾಕಿ ನಾ" ಎಂದು ಕಣ್ಣೊರೆಸಿಕೊಂಡರು. ಹಿಟ್ಟು ಮುಖಕ್ಕೆಲ್ಲ ಹತ್ತಿತು.

ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ಅವರ ಮೇಲಲ್ಲ. ಜ್ವರವಲ್ಲದ್ದಕ್ಕೆ ಜ್ವರ ಎಂದು ಹೆಸರಿಟ್ಟು, ಅದನ್ನು ಪೊರೆ ಬಿಡುವುದು ಎಂದು ಬಿಡಿಸಿ ಹೇಳದೆ, ಭಾಷಣ ಮಾಡಿ ಹೋದವರು ನಾವು. ಸೊಸೆ ಅತ್ತೆಯನ್ನೇ ನೋಡುತ್ತ ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ರೊಟ್ಟಿ ಹೆಂಚಿನ ಮೇಲೆ ಸೀದು ಹೋಗುತ್ತಿದೆ ಎಂದು ಹೇಳಿ ತಾನೇ ಹೋಗಿ ಮಗುಚಿದಳು.

ಕೌದಿಯ ಕಥೆಯನ್ನು ಮೇಲಧಿಕಾರಿಗಳಿಗೆ ಹೇಳಿದಾಗ, ಕಥೆ ಚೆನ್ನಾಗಿದೆ, ಹುಳ ಎದ್ದ ಮೇಲೆ ನೋಡೋಣ ಎಂದರು.

ನಾಲ್ಕನೇ ಜ್ವರಕ್ಕೆ ಹುಳ ಕೂತವು. ಸುಣ್ಣದ ಪುಡಿ ತೆಳ್ಳಗೆ ಉದುರಿಸಿ, ಹಾಸಿಗೆ ಒಣಗಿರುವಂತೆ ನೋಡಿಕೊಂಡು, ಬಾಗಿಲಿಗೆ ಸೊಸೆ ಚಿಲಕ ಹಾಕಿದಳು. ಎದ್ದ ದಿನ ಮೇಲಧಿಕಾರಿಗಳು ಜೀಪಿನಲ್ಲಿ ಬಂದರು. ಬಂದವರು ಮೊದಲು ಕಟ್ಟಿಗೆ ನೋಡಿದರು, ಆಮೇಲೆ ನನ್ನನ್ನು.

ಒಳಗೆ ಹೋದೆವು. ನಡುವಿನ ಅಟ್ಟದ ಮುಂದೆ ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ಬಗ್ಗಿ ನಿಂತರು. ಹುಳಗಳು ಒಟ್ಟಿಗೇ ಎದ್ದಿದ್ದವು. ಹೊಸ ಚರ್ಮ, ಸ್ವಲ್ಪ ಸುಕ್ಕು, ಬಿಳಿ. ನಾನು ಚಿಮಟಿಗೆಯಿಂದ ಹಾಸಿಗೆಯಲ್ಲಿ ಬಿದ್ದಿದ್ದ ಪೊರೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಈರುಳ್ಳಿ ಸಿಪ್ಪೆಯಂಥ ಆ ಪೊರೆಯ ಮೇಲೆ ಕಪ್ಪು ಗೀರು ಹಾಗೆಯೇ ಇತ್ತು. ಇನ್ನೊಂದು ಎತ್ತಿದೆ, ಅದರಲ್ಲೂ. ಅವರು ನನ್ನ ಕೈಯಿಂದ ಚಿಮಟಿಗೆ ತೆಗೆದುಕೊಂಡು ತಾವೇ ಆರಿಸಿದರು. ತಾವೇ ಹುಳ ಅರೆದರು, ತಾವೇ ಗಾಜು ನೋಡಿದರು. ಅತ್ತೆಯನ್ನು ಅಂದು ರೊಟ್ಟಿ ಬಡಿಯದಂತೆ ಕೂರಿಸಿದ್ದೆ. ಮೇಲಧಿಕಾರಿಗಳು ನೋಡಿ ಎದ್ದು ನಿಂತು ಬೆನ್ನು ನೀವಿಕೊಂಡು, ಇಲ್ಲ ಎಂದರು. ಅವರ ಬಾಯಲ್ಲಿ ಆ ಪದ ಕೇಳಿದ್ದಕ್ಕೆ ನನ್ನ ಕಣ್ಣು ತುಂಬಿತು. ಅವರಿಗೆ ಕಾಣದಂತೆ ಗಾಜು ತೊಳೆಯಲು ಹೊರಟೆ.

ಆದರೆ ಹಳೇ ಹೆದರಿಕೆ ಅಷ್ಟು ಬೇಗ ಬಿಡುವುದಿಲ್ಲ. ಗಾಯ ಆಳವಾಗಿದ್ದ ಕೆಲವು ಹುಳಗಳ ಹೊಸ ಚರ್ಮದಡಿಯಲ್ಲೂ ಒಂದೊಂದು ಕಪ್ಪು ಗುರುತು ಉಳಿದಿತ್ತು. ಅವುಗಳಲ್ಲೇ ಕೆಲವನ್ನು ಆರಿಸಿ ಅರೆದು ನೋಡಿಯೂ ಆಗಿತ್ತು. ಆದರೂ ಕಪ್ಪಿರುವುದನ್ನಷ್ಟೇ ಆರಿಸಿ ಸುಟ್ಟುಬಿಡೋಣ, ನೋಡಿದವರು ಏನಾದರೂ ಅಂದುಕೊಂಡಾರು ಎಂದು ಅವರು ಚಿಮಟಿಗೆ ಚಾಚಿದರು. ಗಾಜು ತೊಳೆದು ಬಂದ ನಾನು ಬಾಯಿ ತೆರೆಯುವುದರೊಳಗೆ ಸೊಸೆ ಅಟ್ಟಕ್ಕೂ ಅವರಿಗೂ ನಡುವೆ ಬಂದು ನಿಂತಿದ್ದಳು. ತೋಳಲ್ಲಿ ಸೊಪ್ಪಿನ ಹೊರೆ.

"ತಗಿಯಂಗಿಲ್ರಿ. ಬಡದಾಡಿ ಉಳದಾವ ಅವು. ಗೂಡ ಕಟ್ತಾವ."

ಅವರು ನನ್ನ ಕಡೆ ನೋಡಿದರು. ನಾನು ತೊಳೆದ ಗಾಜುಗಳನ್ನು ಪೆಟ್ಟಿಗೆಗೆ ಹಾಕತೊಡಗಿದೆ. ಆಗ ಅವರು ಮನೆಯ ಯಜಮಾನರ ಕಡೆ ತಿರುಗಿದರು. ಮಾವನವರು ಹೊಸ್ತಿಲ ಆಚೆ ನಿಂತಿದ್ದರು. ಅಷ್ಟು ದಿನದಲ್ಲಿ ಒಮ್ಮೆಯೂ ಒಳಗೆ ಬಂದವರಲ್ಲ. ನೀವಾದರೂ ಹೇಳಿ ಯಜಮಾನ್ರೇ ಎಂದು ಮೇಲಧಿಕಾರಿಗಳು ಕೇಳಿದರು.

ಮಾವನವರು ಸೊಸೆಯ ಮುಖ ನೋಡಿದರು. ಚಪ್ಪಲಿ ಕಳಚಿದರು.

"ನನ್ನ ಯಾಕ ಕೇಳ್ತೀರಿ ಸಾಹೇಬ್ರ? ಇಲ್ಲೆ ನಡಿಯೂದು ಆಕಿ ಮಾತು" ಎಂದು ಹೇಳಿ, ಸುಣ್ಣ ತುಳಿದು ಒಳಗೆ ಬಂದು, ಸೊಸೆಯ ತೋಳಿನಿಂದ ಅರ್ಧ ಹೊರೆ ಸೊಪ್ಪು ತೆಗೆದುಕೊಂಡರು.